ಆಹಾರದ ಪಡಿಯೂ ಜನರ ಆರೋಗ್ಯವೂ

(ಸುಗಟೂರು ಸುತ್ತಿನ ರೈತ ಕುಟುಂಬಗಳ ತಿಳಿವಳಿಕೆಗಾಗಿ)



ರೇಷ್ಮೆ ಹುಳುವಿಗೆ ಯಾವ ಹೊತ್ತಿನಲ್ಲಿ ಎಷ್ಟು ಸೊಪ್ಪು ಹಾಕತಕ್ಕದ್ದೆಂಬುದನ್ನು ಸುಗಟೂರು ಸುತ್ತಿನ ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಅಗತ್ಯವಿಲ್ಲ. ಚಾಕಿಯ ಹುಳುವಿಗೆ ಎಳೆಯ ಎಲೆಯನ್ನು ಸಣ್ಣಗೆ ಹೆಚ್ಚಿ ಉದುರಿಸುವುದು, ಜ್ವರಕ್ಕೆ ಕುಳಿತಾಗ ಸೊಪ್ಪು ನಿಲ್ಲಿಸುವುದು, ನಾಲ್ಕನೆಯ ಜ್ವರ ಎದ್ದ ಮೇಲೆ ನಿದ್ರೆಗೆಟ್ಟು ರಾಶಿ ರಾಶಿಯಾಗಿ ಸೊಪ್ಪು ಹೊತ್ತು ತಂದು ಹಾಕುವುದು, ಇವೆಲ್ಲವೂ ಇಲ್ಲಿನ ಮಕ್ಕಳಿಗೂ ತಿಳಿದ ಸಂಗತಿಗಳು. ಹುಳುವು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದು ಪಾಲಿಗೆ ನಾಲ್ಕು ಪಾಲನ್ನು ಮೀರಿ ಈ ಕಡೆಯ ಒಂದು ವಾರದಲ್ಲಿಯೇ ತಿಂದುಬಿಡುತ್ತದೆ. ಆ ವಾರದಲ್ಲಿ ಪಡಿ ಕಡಮೆಯಾದರೆ ಗೂಡು ತೆಳ್ಳಗಾಗುವುದೆಂದೂ, ಚಾಕಿಯಲ್ಲಿ ಅಳತೆ ಮೀರಿ ಸೊಪ್ಪು ಹಾಕಿದರೆ ತಟ್ಟೆ ಬೆವತು ರೋಗ ಹತ್ತುವುದೆಂದೂ ನೀವು ಬಲ್ಲಿರಿ.

ಹಸುವಿನ ವಿಷಯವೂ ಹಾಗೆಯೇ. ಮೈ ಕಾಪಾಡಿಕೊಳ್ಳುವುದಕ್ಕೆ ಇಷ್ಟು ಎಂದು ಒಂದು ಪಡಿಯನ್ನು ಕೊಟ್ಟು, ಅದರ ಮೇಲೆ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಪಶು ಆಹಾರದಂತೆ ಲೆಕ್ಕ ಹಾಕಿ ಕೊಡುವವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಗಬ್ಬದ ಹಸುವಿಗೆ ಏಳನೆಯ ತಿಂಗಳಿನಿಂದ ಹೆಚ್ಚಿನ ಮೇವು. ಹಾಲು ಬತ್ತಿದ ಹಸುವಿಗೆ ಕಡಮೆ. ಕೆಲಸಕ್ಕೆ ತಕ್ಕ ಪಡಿ, ಅವಸ್ಥೆಗೆ ತಕ್ಕ ಪಡಿ ಎಂಬ ತತ್ತ್ವವು ಕೊಟ್ಟಿಗೆಯಲ್ಲಿ ಪೂರ್ಣವಾಗಿ ಆಚರಣೆಯಲ್ಲಿದೆ.

ಇಷ್ಟು ಲೆಕ್ಕ ಬಲ್ಲ ಮನೆಯಲ್ಲಿ ಮನುಷ್ಯನ ಊಟಕ್ಕೆ ಮಾತ್ರ ಲೆಕ್ಕವಿಲ್ಲ. ಒಂದು ಮುಂಜಾನೆ ನಾವು ಕಂಡದ್ದನ್ನೇ ಹೇಳುವೆವು. ಸುಗಟೂರಿಗೆ ಸಮೀಪದ ಒಂದು ಮನೆಯಲ್ಲಿ ಬಾಣಂತಿಯೊಬ್ಬಳು ನಾಲ್ಕು ತಿಂಗಳ ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಕರು ಹಾಕಿದ ಹಸುವಿಗೆ ಹಿಂಡಿ ಬೂಸವನ್ನು ತಕ್ಕಡಿಯಲ್ಲಿ ತೂಗಿ ಕಲಸುತ್ತಿದ್ದಳು. ತೂಕದಲ್ಲಿ ಒಂದು ಹಿಡಿಯೂ ತಪ್ಪಲಿಲ್ಲ. ಅನಂತರ ಗಂಡಸರಿಗೂ ಅತ್ತೆಗೂ ಮುದ್ದೆ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಾನು ತಿಳಿಸಾರಿನಲ್ಲಿ ಅದ್ದಿ ತಿಂದಳು. "ನಿನ್ನ ಪಾಲು ಎಷ್ಟಮ್ಮ?" ಎಂದು ಕೇಳಿದೆವು. "ಮಿಕ್ಕಿದ್ದು, ಸ್ವಾಮಿ" ಎಂದಳು. ಆ ಮಾತೇ ಈ ಕರಪತ್ರವನ್ನು ಬರೆಯುವುದಕ್ಕೆ ಕಾರಣವಾಯಿತು.

ಪಡಿ ಎಂಬ ಮಾತು ಕನ್ನಡದಲ್ಲಿ ಹಳೆಯದು. ಒಬ್ಬನಿಗೆ ಒಂದು ದಿನಕ್ಕೆ ಅಳೆದುಕೊಡುವ ಧಾನ್ಯಕ್ಕೆ ಆ ಹೆಸರು. ಆ ಅಳತೆಯು ತಪ್ಪಿದರೆ ಒಬ್ಬನ ಹೊಟ್ಟೆ ಮಾತ್ರವಲ್ಲದೆ ಸೀಮೆಗೆ ಸೀಮೆಯೇ ಕೆಡಬಹುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವುಂಟು. ಹಿರಿಯರು ಧಾತು ಈಶ್ವರ ಬರವೆಂದು ಹೇಳುತ್ತಿದ್ದ 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆಯನ್ನೂ ಅದರ ಮೇಲೆ ಒಂದಾಣೆಯನ್ನೂ ಕೊಟ್ಟರೆ ಸಾಕೆಂದು 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಗೊತ್ತುಮಾಡಿದನು. ಬೊಕ್ಕಸದ ಉಳಿತಾಯವೇ ಅವನ ದೃಷ್ಟಿ. ಆ ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬಾತನು, ದುಡಿಯುವ ದೇಹಕ್ಕೆ ಈ ಪಡಿ ಸಾಲದು, ಇದರಿಂದ ಜನರು ನಿಧಾನವಾಗಿ ಕ್ಷಯಿಸಿ ಸಾಯುವರೆಂದು ಬಲವಾಗಿ ವಾದಿಸಿದನು. ರಾಗಿಯೆಂದೇ ಲೆಕ್ಕ ಹಿಡಿದರೂ ಅಷ್ಟು ಧಾನ್ಯದಿಂದ ಬರತಕ್ಕ ಶಕ್ತಿ ಸುಮಾರು 1,450 ಕ್ಯಾಲೊರಿ; ಕಷ್ಟದ ಮೈಗೆಲಸ ಮಾಡುವ ಗಂಡಸಿಗೆ ಬೇಕೆಂದು ಈಗ ಗೊತ್ತುಪಡಿಸಿರುವುದರಲ್ಲಿ ಅರ್ಧವೂ ಅಲ್ಲ. ಕೆಲವು ತಿಂಗಳಲ್ಲಿಯೇ ಆ ಪಡಿಯನ್ನು ಕೈಬಿಡಬೇಕಾಯಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು. ನಮ್ಮ ಮೈಸೂರು ಸಂಸ್ಥಾನದಲ್ಲಿ 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು.

ಅಂದಿನ ಪ್ರಶ್ನೆ ಹಿಟ್ಟು ಸಾಲದೆಂಬುದು. ಇಂದಿನ ಪ್ರಶ್ನೆ ಅಷ್ಟು ಸರಳವಾದುದಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ನೂರಕ್ಕೆ 35.4. ಅದೇ ಸಮೀಕ್ಷೆಯಲ್ಲಿ ಮಿತಿಮೀರಿದ ತೂಕವುಳ್ಳ ಹೆಂಗಸರು ನೂರಕ್ಕೆ ಮೂವತ್ತು. ಒಂದೇ ರಾಜ್ಯದಲ್ಲಿ, ಎಷ್ಟೋ ವೇಳೆ ಒಂದೇ ಒಲೆಯ ಸುತ್ತ, ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಮೆ. ಒಬ್ಬರಿಗೇ ಹಿಟ್ಟು ಹೆಚ್ಚು, ಕಾಳು ಕಡಮೆ.

ಮೊದಲು ಮುದ್ದೆಯನ್ನು ಪರಿಶೀಲಿಸೋಣ. ಹಿಟ್ಟು ತಿಂದವನು ಬೆಟ್ಟವನ್ನೇ ಕೀಳಬಲ್ಲನೆಂಬ ನುಡಿಯನ್ನು ನಮ್ಮ ಕಡೆ ಕೇಳದವರಿಲ್ಲ. ಆದರೆ ಅದು ಬೆಟ್ಟ ಕೀಳುವ ಕೆಲಸವಿದ್ದವನಿಗೆ ಹೇಳಿದ ಮಾತು. ಈಗ ಬೆಟ್ಟ ಕೀಳುವುದು ಜೆ.ಸಿ.ಬಿ. ಯಂತ್ರ. ಉಳುವುದು ಟ್ರ್ಯಾಕ್ಟರು, ನೀರೆತ್ತುವುದು ಮೋಟಾರು, ಬೀಸುವುದು ಗಿರಣಿ. ಏತ ತುಳಿದು, ಕಪಿಲೆ ಹೊಡೆದು, ಬೆಳಗಿನ ಜಾವದಿಂದ ಹೊತ್ತು ಇಳಿಯುವವರೆಗೆ ನೇಗಿಲ ಹಿಂದೆ ನಡೆಯುತ್ತಿದ್ದ ದೇಹಕ್ಕೆಂದು ನಮ್ಮ ಅಜ್ಜಿಯರು ಕಟ್ಟಿದ ಮುದ್ದೆಯ ಗಾತ್ರವು ಮಾತ್ರ ಹಲವು ಮನೆಗಳಲ್ಲಿ ಹಾಗೆಯೇ ಉಳಿದಿದೆ. ಕೆಲಸ ಇಳಿಯಿತು, ಕೈ ಅಳತೆ ಇಳಿಯಲಿಲ್ಲ.

ಎಷ್ಟು ವ್ಯತ್ಯಾಸವೆಂಬುದನ್ನು ಅಂಕಿಗಳಲ್ಲಿ ಕಾಣಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಗೊತ್ತುಮಾಡಿದ ಪ್ರಕಾರ, 65 ಕಿಲೋ ತೂಕದ ಗಂಡಸು ಕಷ್ಟದ ಮೈಗೆಲಸ ಮಾಡಿದರೆ ಅವನಿಗೆ ದಿನವೊಂದಕ್ಕೆ 3,470 ಕ್ಯಾಲೊರಿ ಬೇಕು; ಕುಳಿತು ಮಾಡುವ ಕೆಲಸವಾದರೆ 2,110 ಸಾಕು. 55 ಕಿಲೋ ತೂಕದ ಹೆಂಗಸಿಗೆ ಇದೇ ಕ್ರಮದಲ್ಲಿ 2,720 ಮತ್ತು 1,660. ನೂರು ಗ್ರಾಂ ರಾಗಿಯಿಂದ ಸುಮಾರು 320 ಕ್ಯಾಲೊರಿ ದೊರೆಯುತ್ತದೆ. ಅಂದಮೇಲೆ ನೇಗಿಲು ಹಿಡಿದ ತಂದೆಗೂ ಕುರ್ಚಿಯ ಮೇಲೆ ಕುಳಿತ ಮಗನಿಗೂ ಇರುವ ಅಂತರವು ದಿನಕ್ಕೆ 420 ಗ್ರಾಂ ರಾಗಿ ಹಿಟ್ಟು. ಮುದ್ದೆಯೊಂದಕ್ಕೆ 140 ಗ್ರಾಂ ಹಿಟ್ಟೆಂದು ಇಟ್ಟುಕೊಂಡರೆ ಮೂರು ಮುದ್ದೆ!

ಈ ಕರಪತ್ರವನ್ನು ಬರೆಯುತ್ತಿರುವವನೂ ಇದಕ್ಕೆ ಹೊರತಲ್ಲ. ನಮ್ಮ ತಂದೆಯವರು ಎತ್ತಿನ ಜೊತೆಯಲ್ಲಿಯೇ ಬಾಳಿದವರು; ಹೊತ್ತಿಗೆ ಎರಡು ಮುದ್ದೆ ತಿಂದು ಎಪ್ಪತ್ತು ದಾಟಿದರೂ ಮೈಯಲ್ಲಿ ಬೊಜ್ಜೆಂಬುದು ಇರಲಿಲ್ಲ. ಅದೇ ತಟ್ಟೆಯನ್ನು ಅನುಸರಿಸಿ ನಾವೂ ತಿನ್ನುತ್ತ ಬಂದೆವು. ನಮ್ಮ ತಿರುಗಾಟವೋ ಮೋಟಾರು ಸೈಕಲ್ಲಿನ ಮೇಲೆ, ಉಳಿದ ಹೊತ್ತು ಕಡತದ ಮುಂದೆ. ನಲವತ್ತೆರಡನೆಯ ವಯಸ್ಸಿನಲ್ಲಿ ವೈದ್ಯರು ರಕ್ತ ಪರೀಕ್ಷಿಸಿ ಸಕ್ಕರೆ ಏರಿದೆಯೆಂದರು. "ನಾನು ರಾಗಿ ತಿನ್ನುವವನು, ನನಗೆ ಹೇಗೆ ಬಂದೀತು?" ಎಂದು ವಾದಿಸಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವಾದವನ್ನು ಊರಿನಲ್ಲಿ ಇತರರೂ ಮಾಡುವುದರಿಂದ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ರಾಗಿಯು ಉತ್ತಮ ಧಾನ್ಯವೆಂಬುದರಲ್ಲಿ ಸಂದೇಹವಿಲ್ಲ. ನೂರು ಗ್ರಾಂ ರಾಗಿಯಲ್ಲಿ ನಾರು ಹನ್ನೊಂದು ಗ್ರಾಂ. ಬಿಳಿಯ ಅಕ್ಕಿಯಲ್ಲಿ ಮೂರಕ್ಕೂ ಕಡಮೆ. ಮೂಳೆಗೆ ಬೇಕಾದ ಸುಣ್ಣದ ಅಂಶವು ರಾಗಿಯಲ್ಲಿ 360 ಮಿಲಿಗ್ರಾಮಿನಷ್ಟಿದ್ದರೆ ಅಕ್ಕಿಯಲ್ಲಿ ಹತ್ತನ್ನೂ ಮುಟ್ಟದು. ಆದರೆ ರಾಗಿಯೂ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟು ಚೆನ್ನಾಗಿ ಬೆಂದು ಮುದ್ದೆಯಾದಾಗ ಅದು ಬೇಗ ಅರಗಿ ರಕ್ತಕ್ಕೆ ಸಕ್ಕರೆಯನ್ನು ಸೇರಿಸುತ್ತದೆ. ಜೊತೆಗೆ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟುವುದಕ್ಕೆ ಮುಂಚೆಯೇ ಎರಡನೆಯ ಮುದ್ದೆಯೂ ಮುಗಿದಿರುತ್ತದೆ. ಆದುದರಿಂದ ಸಕ್ಕರೆ ರೋಗಕ್ಕೆ ರಾಗಿಯೇ ಔಷಧ, ಎಷ್ಟು ತಿಂದರೂ ಬಾಧಕವಿಲ್ಲವೆಂಬುದು ತಪ್ಪು ತಿಳಿವಳಿಕೆ. ಹಾಗೆಂದು ರಾಗಿಯನ್ನು ಬಿಟ್ಟು ಅನ್ನಕ್ಕೆ ತಿರುಗುವುದು ಇನ್ನೂ ದೊಡ್ಡ ತಪ್ಪು. ಕಾಲು ಕಿಲೋ ರಾಗಿಯಲ್ಲಿ ಒಂಬೈನೂರು ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಕಾಲು ಕಿಲೋ ಅಕ್ಕಿಯಲ್ಲಿ ಇಪ್ಪತ್ತು. ಕೊಳವೆಬಾವಿಗಳು ಆಳಕ್ಕೆ ಹೋದಂತೆಲ್ಲ ಫ್ಲೋರೈಡು ಬೆರೆತ ನೀರು ಬರುವ ನಮ್ಮ ಜಿಲ್ಲೆಯಲ್ಲಿ, ಸುಣ್ಣದ ಅಂಶ ಕಡಮೆಯಾದ ಊಟವು ಹಲ್ಲು ಮೂಳೆಗಳ ತೊಂದರೆಯನ್ನು ಹೆಚ್ಚಿಸುತ್ತದೆ.

ಹಾಗಾದರೆ ಎಷ್ಟು? ಮೇಲೆ ಹೇಳಿದ ಪೋಷಣ ಸಂಸ್ಥೆಯು 2024ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ 2,000 ಕ್ಯಾಲೊರಿಯ ಒಂದು ದಿನದ ಊಟವನ್ನು ಹೀಗೆ ಹಂಚಿದೆ. ಎಲ್ಲ ಬಗೆಯ ಧಾನ್ಯ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರು, ಕಡಲೆಕಾಯಿ ಎಳ್ಳು ಮೊದಲಾದ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಇದು ಹೆಚ್ಚು ಮೈಗೆಲಸವಿಲ್ಲದವರ ಲೆಕ್ಕ. ಕಳೆ ಕೀಳುವವರೂ ಮೂಟೆ ಹೊರುವವರೂ ಇದಕ್ಕಿಂತ ಹೆಚ್ಚು ತಿನ್ನತಕ್ಕದ್ದೇ ಸರಿ. ಇದನ್ನು ಓದಿ ಯಾರೂ ಕೂಲಿಯಾಳಿನ ಮುದ್ದೆಯನ್ನು ಕಿರಿದು ಮಾಡಬಾರದೆಂದು ಪ್ರತ್ಯೇಕವಾಗಿ ಕೋರುತ್ತೇವೆ. ಅಂಥವರೂ ಇದ್ದಾರೆಂದು ಬಲ್ಲೆವಾದ ಕಾರಣ ಹೇಳಬೇಕಾಯಿತು.

ಈ ಹಂಚಿಕೆಯಲ್ಲಿ ರೈತನು ಮುಖ್ಯವಾಗಿ ಗಮನಿಸಬೇಕಾದದ್ದು ಮೊದಲ ಎರಡು ಅಂಕಿಗಳನ್ನು. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು. 250 ಗ್ರಾಂ ರಾಗಿಯಲ್ಲಿ ಮೈ ಕಟ್ಟುವ ಸಸಾರಜನಕವು ಸುಮಾರು 18 ಗ್ರಾಂ ಇದ್ದರೆ, ಅದರ ಮೂರನೆಯ ಒಂದು ಪಾಲು ತೂಕದ ಹುರುಳಿಯಲ್ಲಿಯೂ ಅಷ್ಟೇ ಇರುತ್ತದೆ. ಅಷ್ಟೇ ಅಲ್ಲ, ರಾಗಿಯ ಸಸಾರಜನಕದಲ್ಲಿ ಲೈಸೀನ್ ಎಂಬ ಒಂದು ಭಾಗವು ಕೊರತೆಯಾಗಿದ್ದು ಹುರುಳಿ, ಅವರೆ, ತೊಗರಿಗಳಲ್ಲಿ ಅದು ಹೇರಳವಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರುಳಿ ಸಾರು, ಅವರೆಕಾಳು ಸಾರು, ಬಸ್ಸಾರು, ಮಸ್ಸೊಪ್ಪು ಎಂದು ಜೊತೆ ಮಾಡಿದವರಿಗೆ ಈ ರಸಾಯನ ಶಾಸ್ತ್ರ ತಿಳಿದಿರಲಿಲ್ಲ; ಊಟ ತಿಳಿದಿತ್ತು.

ಈಗ ತಟ್ಟೆಯಲ್ಲಿ ಏನಾಗಿದೆ? ಮುದ್ದೆಯ ಪಕ್ಕದ ಸಾರು ತಿಳಿಯಾಗಿದೆ. ಟೊಮ್ಯಾಟೊ ಹಣ್ಣು, ಹುಣಸೆ, ಖಾರದ ಪುಡಿ, ನೀರು; ತಳದಲ್ಲಿ ಹುಡುಕಿದರೆ ನಾಲ್ಕು ಬೇಳೆ. ಇಂಥ ಸಾರಿನಲ್ಲಿ ಮುದ್ದೆ ಸಲೀಸಾಗಿ ಇಳಿಯುತ್ತದೆ, ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಎರಡು ಮೂರು ಗಂಟೆಯಲ್ಲಿ ಮತ್ತೆ ಹಸಿವು, ಮತ್ತೆ ಒಂದು ಲೋಟ ಸಿಹಿಯಾದ ಟೀ, ಅದರ ಜೊತೆಗೆ ಬೇಕರಿಯ ಬನ್ನು. ಮುದ್ದೆಯ ಗಾತ್ರ ದೊಡ್ಡದಾಗುವುದಕ್ಕೆ ಸಾರು ಬಡವಾದದ್ದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಸಾರು ಬಡವಾದದ್ದು ಅಡುಗೆಮನೆಯಲ್ಲಿ ಅಲ್ಲ, ಹೊಲದಲ್ಲಿ. ಇದು ನಮ್ಮ ಇಲಾಖೆಗೆ ನೇರವಾಗಿ ಸಂಬಂಧಪಟ್ಟ ವಿಷಯವಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಹಿಂದೆ ನಮ್ಮ ಕೆಂಪು ನೆಲದ ಬೆದ್ದಲು ಹೊಲದಲ್ಲಿ ರಾಗಿ ಒಂದನ್ನೇ ಬಿತ್ತುವ ವಾಡಿಕೆ ಇರಲಿಲ್ಲ. ಕೂರಿಗೆಯ ಹಿಂದೆ ಹೆಣ್ಣುಮಕ್ಕಳು ಅಕ್ಕಡಿ ಸಾಲು ಬಿಡುತ್ತ ನಡೆಯುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಹರಳು, ಜೋಳ. ಒಂದು ಹೊಲದಲ್ಲಿ ಒಂದು ಅಂಗಡಿಯಷ್ಟು ಪದಾರ್ಥ. ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಇಬ್ಬನಿಯಲ್ಲಿ ಅವರೆ ಹೂವಾಗಿ ಕಾಯಿ ಕಟ್ಟುತ್ತಿತ್ತು. ರಾಗಿಗೆ ಮಳೆ ಕೈಕೊಟ್ಟ ವರ್ಷವೂ ಅಕ್ಕಡಿಯಲ್ಲಿ ಯಾವುದೋ ಒಂದು ಉಳಿಯುತ್ತಿತ್ತು. ದ್ವಿದಳ ಧಾನ್ಯದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತಿದ್ದುದು ಮೇಲಿನ ಲಾಭ. ಹೊಲದ ಸಾಲುಗಳ ಲೆಕ್ಕವೇ ತಟ್ಟೆಯ ಲೆಕ್ಕವೂ ಆಗಿತ್ತು.

ಅನಂತರ ಒಂದೊಂದಾಗಿ ಕಾರಣಗಳು ಕೂಡಿಕೊಂಡವು. ಆಳು ಸಿಕ್ಕುವುದಿಲ್ಲವೆಂದು ಟ್ರ್ಯಾಕ್ಟರಿನಲ್ಲಿ ರಾಗಿಯನ್ನು ಎರಚಿ ಬಿತ್ತಿದರು. ಕಟಾವು ಯಂತ್ರ ಬಂದ ಮೇಲೆ ನಡುವೆ ನಿಂತ ಅವರೆ ಬಳ್ಳಿ ಅಡ್ಡಿಯಾಯಿತು. ಕಳೆನಾಶಕ ಹೊಡೆದಲ್ಲಿ ಅಕ್ಕಡಿಯೂ ಏಳಲಿಲ್ಲ. ರಾಗಿ ಹೊಲದಲ್ಲಿ ತಾವಾಗಿಯೇ ಬರುತ್ತಿದ್ದ ಅಣ್ಣೆ, ಗೋಣಿ, ಹೊನಗನ್ನೆ ಮೊದಲಾದ ಬೆರಕೆ ಸೊಪ್ಪುಗಳೂ ಏಳಲಿಲ್ಲ. ಎಷ್ಟೋ ಬೆದ್ದಲು ನೀಲಗಿರಿ ತೋಪಾಯಿತು. ನೀರು ಸಿಕ್ಕಿದವರು ಟೊಮ್ಯಾಟೊ, ಕೋಸು, ಹುರುಳಿಕಾಯಿಗಳಿಗೆ ತಿರುಗಿದರು. ಅದರಲ್ಲಿ ತಪ್ಪೇನೂ ಇಲ್ಲ, ಕಾಸು ಬರಬೇಕು. ಆದರೆ ದೇಶದ ದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮ ಕೋಲಾರದಲ್ಲಿದ್ದು, ಇಲ್ಲಿಂದ ಲಾರಿಗಟ್ಟಲೆ ತರಕಾರಿ ದೂರದ ರಾಜ್ಯಗಳಿಗೆ ಹೋಗುತ್ತಿರುವಾಗ, ಅದನ್ನು ಬೆಳೆದವನ ಮನೆಯ ತಟ್ಟೆಯಲ್ಲಿ ನಾನೂರು ಗ್ರಾಂ ತರಕಾರಿ ಕಾಣದಿರುವುದು ವಿಚಾರ ಮಾಡತಕ್ಕ ಸಂಗತಿ. ಹಾಲಿನ ಕಥೆಯೂ ಇದೇ. ಬೆಳಗಿನ ಕ್ಯಾನು ಪೂರ್ತಿಯಾಗಿ ಸಂಘಕ್ಕೆ ಹೋಗಿ, ಮನೆಯ ಮಗುವಿಗೆ ಟೀಯಲ್ಲಿ ಬೆರೆಸಿದ ಎರಡು ಚಮಚೆ ಹಾಲು ಉಳಿಯುವ ಮನೆಗಳನ್ನು ನಾವು ಕಂಡಿದ್ದೇವೆ. ಸಂಘಕ್ಕೆ ಅಳೆಯುವ ಮುನ್ನ ಮನೆಯ ಪಾಲನ್ನು ತೆಗೆದಿಡತಕ್ಕದ್ದು, ಮಿಕ್ಕಿದ್ದನ್ನು ಮಾರತಕ್ಕದ್ದು. ಈಗ ನಡೆಯುತ್ತಿರುವುದು ಇದಕ್ಕೆ ವಿರುದ್ಧ.

ಸರ್ಕಾರದ ಪಡಿಯ ವಿಷಯದಲ್ಲಿಯೂ ಒಂದು ಮಾತು. 2013ರ ಆಹಾರ ಭದ್ರತಾ ಕಾನೂನಿನಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ ಐದು ಕಿಲೋ ಧಾನ್ಯ, ಅಂದರೆ ದಿನಕ್ಕೆ ಸುಮಾರು 165 ಗ್ರಾಂ. ಹಸಿವನ್ನು ತಡೆಯುವುದರಲ್ಲಿ ಇದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಇದು ಧಾನ್ಯದ ಪಡಿ. ಕಾಳನ್ನು ಆ ಕಾನೂನು ಗೊತ್ತುಮಾಡಿಲ್ಲ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಕಿರಿಯ ತರಗತಿಗೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ. ಹಿರಿಯ ಪ್ರಾಥಮಿಕಕ್ಕೆ 150, 30, 75. ಅಲ್ಲಿಯೂ ಐದಕ್ಕೆ ಒಂದೇ ಹೊರತು ಮೂರಕ್ಕೆ ಒಂದಿಲ್ಲ. 2013ರಿಂದ ಹಾಲು ಸೇರಿದ್ದೂ ಆಮೇಲೆ ಮೊಟ್ಟೆ ಸೇರಿದ್ದೂ ಈ ಕೊರತೆಯನ್ನು ಬಹಳಮಟ್ಟಿಗೆ ತುಂಬಿವೆ. ಮಕ್ಕಳು ಅವನ್ನು ತಪ್ಪದೆ ತಿನ್ನುವಂತೆ ತಾಯಿತಂದೆಗಳು ನೋಡಿಕೊಳ್ಳಬೇಕು.

ಈಗ ಮೊದಲು ಹೇಳಿದ ಬಾಣಂತಿಯ ಕಡೆಗೆ ಬರೋಣ. ಗರ್ಭಿಣಿಗೆ ಸಾಮಾನ್ಯ ಊಟದ ಮೇಲೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಮೊಲೆಯೂಡಿಸುವ ತಾಯಿಗೆ ಮೊದಲ ಆರು ತಿಂಗಳು 600. ಇದು ರಾಗಿಯಲ್ಲಾದರೆ 190 ಗ್ರಾಂ ಹಿಟ್ಟಿಗೆ ಸಮ. ಆದರೆ ಬರಿಯ ಹಿಟ್ಟಿನಿಂದ ತುಂಬಿದರೆ ಪ್ರಯೋಜನವಿಲ್ಲ. ಒಂದು ಬಟ್ಟಲು ಗಟ್ಟಿಯಾದ ಕಾಳು, ಒಂದು ದೊಡ್ಡ ಲೋಟ ಹಾಲು, ಒಂದು ಹಿಡಿ ಹುರಿದ ಕಡಲೆಕಾಯಿ, ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ, ಇವುಗಳಿಂದ ತುಂಬಬೇಕು. ಬಾಣಂತಿಗೆ ಸೊಪ್ಪು ಶೀತ, ಕಾಳು ವಾಯು, ನೀರು ಹೆಚ್ಚಾಗಬಾರದೆಂದು ಪಥ್ಯ ಹಿಡಿಸುವ ಹಿರಿಯರಿಗೆ ನಮ್ರತೆಯಿಂದ ಒಂದು ಪ್ರಶ್ನೆ: ಕರು ಹಾಕಿದ ಹಸುವಿಗೆ ಹೀಗೆ ಪಥ್ಯ ಹಿಡಿಸಿದ್ದುಂಟೆ? ಅದರ ಹಾಲು ಇಳಿದರೆ ಮೂರನೆಯ ದಿನವೇ ಡಾಕ್ಟರನ್ನು ಕರೆಸುವಿರಿ.

ಹೆಂಗಸು ಕಡೆಯಲ್ಲಿ ಉಣ್ಣುವ ಪದ್ಧತಿಯನ್ನು ಒಂದು ಕರಪತ್ರದಿಂದ ಬದಲಾಯಿಸಲಾಗದೆಂದು ಬಲ್ಲೆವು. ಕಡೆಯಲ್ಲಿ ಉಂಡರೂ ಉಣ್ಣಲಿ. ಅವಳ ಪಾಲನ್ನು ಮೊದಲೇ ಬೇರೆ ಪಾತ್ರೆಯಲ್ಲಿ ತೆಗೆದಿಡಿ. ಸಾರನ್ನು ತೆಗೆದಿಡುವಾಗ ಸೌಟನ್ನು ತಳಕ್ಕೆ ಇಳಿಸಿ ಕಾಳು ಬರುವಂತೆ ಎತ್ತಿ. ಮೇಲಿನ ತಿಳಿಯನ್ನು ಯಾರು ಬೇಕಾದರೂ ಹಾಕಿಕೊಳ್ಳಲಿ. ಈ ಒಂದು ಏರ್ಪಾಟಿಗೆ ಕಾಸಿನ ಖರ್ಚಿಲ್ಲ. ಕೆಲವು ಮನೆಗಳಲ್ಲಿ ಹೇಳಿ ನೋಡಿದೆವು. ಗಂಡಸರು ಮೊದಲು ನಕ್ಕರು, ಒಂದೆರಡು ಮನೆಯವರು ಮಾಡಿದರು. ರಕ್ತಹೀನತೆ ಇರುವವರು ಊಟದ ಜೊತೆಗೇ ಟೀ ಕಾಫಿ ಕುಡಿಯದೆ ಒಂದು ಗಂಟೆ ತಡೆದರೆ, ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿಕೊಂಡರೆ, ಆಹಾರದ ಕಬ್ಬಿಣದ ಅಂಶವು ಮೈಗೆ ಚೆನ್ನಾಗಿ ಹತ್ತುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ಇದರ ಹೆಸರಿನಲ್ಲಿ ಬಿಡಬಾರದು.

ಕೂಸುಗಳಿಗೆ ದೊಡ್ಡವರ ಲೆಕ್ಕ ಹೊಂದುವುದಿಲ್ಲ. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟು ಚಿಕ್ಕದು. ಆದುದರಿಂದ ಪಡಿ ಸಣ್ಣದು, ಸಲ ಹೆಚ್ಚು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ. ಆಮೇಲೆ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರಿಂದ ಎರಡು ವರ್ಷ ತುಂಬುವವರೆಗೆ ಮೂರು ನಾಲ್ಕು ಸಲ ಮೆತ್ತನೆಯ ಆಹಾರವನ್ನು ಹಾಲಿನ ಜೊತೆಗೆ ಕೊಡಬೇಕು. ನಮ್ಮ ರಾಗಿ ಸರಿ ಇದಕ್ಕೆ ಬಹಳ ತಕ್ಕದ್ದು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಬೇಕು. ಮೊಳಕೆಯಿಂದ ಎರಡು ಲಾಭ: ಸುಣ್ಣ ಕಬ್ಬಿಣಗಳನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುವ ವಸ್ತು ಕಡಮೆಯಾಗುತ್ತದೆ, ಗಂಜಿಯು ಅಂಟಂಟಾಗಿ ಗಟ್ಟಿಯಾಗದೆ ಇರುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಬರಿಯ ನೀರಾದ ಸರಿಯನ್ನು ಬಟ್ಟಲು ತುಂಬ ಕುಡಿಸಿ, ಮಗು ಚೆನ್ನಾಗಿ ಉಂಡಿತೆಂದು ತಿಳಿಯುವುದು ಮೋಸ. ಮೂರು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಬೇಳೆಯನ್ನೋ ಹುರಿಗಡಲೆಯನ್ನೋ ಸೇರಿಸಿ ಬೀಸಿದರೆ ಮೇಲೆ ಹೇಳಿದ ಲೆಕ್ಕ ಮಗುವಿನ ಬಟ್ಟಲಿಗೂ ಬಂದಂತಾಯಿತು. ಅಂಗಡಿಯಲ್ಲಿ ಹತ್ತು ರೂಪಾಯಿಗೆ ಸಿಕ್ಕುವ ಕುರುಕಲು ಪೊಟ್ಟಣವನ್ನು ಊಟಕ್ಕೆ ಮುಂಚೆ ಮಗುವಿನ ಕೈಗೆ ಕೊಡಕೂಡದು. ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಅದು ಹಿಡಿಸಿದ ಮೇಲೆ ಊಟಕ್ಕೆ ಸ್ಥಳವೆಲ್ಲಿ?

ಉಪ್ಪು ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಒಂದು ಚಿಕ್ಕ ಚಮಚೆ, ಮೀರಬಾರದು. ಉಪ್ಸಾರಿನ ಖಾರವನ್ನೂ ಉಪ್ಪಿನಕಾಯಿಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಸಕ್ಕರೆಯು ಇಪ್ಪತ್ತೈದು ಗ್ರಾಮಿನೊಳಗೆ. ದಿನಕ್ಕೆ ನಾಲ್ಕು ಟೀ ಕುಡಿಯುವವರಿಗೆ ಅದು ಮಧ್ಯಾಹ್ನದೊಳಗೇ ಮುಗಿದಿರುತ್ತದೆ.

ಅಳೆಯುವ ಬಗೆಯನ್ನು ಕೇಳಿದವರಿಗೆ ನಾವು ಹೇಳುವುದು ಇಷ್ಟೆ. ಪಾವು, ಅಚ್ಚೇರು, ಸೇರುಗಳು ಊರಿಂದೂರಿಗೆ ವ್ಯತ್ಯಾಸವಾಗುವುದರಿಂದಲೂ, ಹಿಟ್ಟು ಒತ್ತಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು ತೂಕವಾಗುವುದರಿಂದಲೂ, ನಿಮ್ಮ ಮನೆಯಲ್ಲಿ ಹಿಟ್ಟು ತೆಗೆಯುವ ಲೋಟವನ್ನು ಒಂದು ಸಲ ತೂಕ ಮಾಡಿ ಗುರುತಿಟ್ಟುಕೊಳ್ಳಿ. ಗೂಡು ತೂಗುವ ತಕ್ಕಡಿ ಇದ್ದೇ ಇರುತ್ತದೆ. ಅನಂತರ ಒಂದು ವಾರ, ಮನೆಗೆ ಒಟ್ಟು ಎಷ್ಟು ಲೋಟ ಹಿಟ್ಟು, ಎಷ್ಟು ಅಕ್ಕಿ, ಎಷ್ಟು ಕಾಳು ಬೇಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಹಿಟ್ಟು ಅಕ್ಕಿ ಸೇರಿ ಕಾಳಿನ ಮೂರರಷ್ಟಿದ್ದರೆ ಸಂತೋಷ. ನಾವು ನಮ್ಮ ಮನೆಯಲ್ಲಿಯೇ ಗೀಟು ಹಾಕಿ ನೋಡಿದಾಗ ಅದು ಒಂಬತ್ತರಷ್ಟಿತ್ತು. ಕುಳಿತು ಕೆಲಸ ಮಾಡುವವರು ಒಮ್ಮೆಗೇ ಮುದ್ದೆಯನ್ನು ಅರ್ಧಕ್ಕೆ ಇಳಿಸದೆ, ಮೊದಲು ಕಾಳು ಸೊಪ್ಪುಗಳನ್ನು ಏರಿಸಿ, ತಿಂಗಳಿಗೆ ಇಷ್ಟಿಷ್ಟೆಂದು ಮುದ್ದೆಯನ್ನು ಕಿರಿದು ಮಾಡಿಕೊಂಡರೆ ಹಸಿವಿನ ಬಾಧೆ ಇರದು. ಸಕ್ಕರೆ ರೋಗಕ್ಕೆ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸಿ ಹೀಗೆ ಮಾಡತಕ್ಕದ್ದು.

ಅಕ್ಕಡಿಯ ವಿಷಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಥವಾ ಎಂಟು ಸಾಲಿಗೆ ಎರಡು ಸಾಲು ತೊಗರಿ. ಯಂತ್ರದಿಂದ ಕಟಾವು ಮಾಡಿಸುವವರು ಹೊಲದ ನಡುವೆ ಬಿಡದೆ ಬದುವಿನ ಉದ್ದಕ್ಕೆ ಪಟ್ಟಿಯಾಗಿ ಬಿತ್ತಿಕೊಂಡರೂ ಮನೆಯ ಸಾರಿಗೆ ಒದಗುತ್ತದೆ. ಕಳೆನಾಶಕವನ್ನು ಆ ಪಟ್ಟಿಗೆ ತಾಗಿಸಬಾರದು. ತೊಗರಿ ಹಾಕುವವರು ಮುಂಗಾರಿನ ಮೊದಲ ಹದದಲ್ಲಿಯೇ ಬಿತ್ತಬೇಕು, ತಡವಾದರೆ ಕಾಯಿ ಕಡಮೆ. ಹುರುಳಿಗೆ ಅವಸರವಿಲ್ಲ, ಮುಂಗಾರು ತಪ್ಪಿದ ಹೊಲಕ್ಕೂ ಹಿಂಗಾರಿನಲ್ಲಿ ಅದನ್ನು ಚೆಲ್ಲಬಹುದು. ಬೀಜವನ್ನು ರೈತ ಸಂಪರ್ಕ ಕೇಂದ್ರದಲ್ಲಿ ರಾಗಿ ಬಿತ್ತನೆಗೆ ಮುಂಚೆಯೇ ವಿಚಾರಿಸಿ. ಅಜ್ಜಿಯ ಕಾಲದ ಅವರೆ ಬೀಜವನ್ನು ಬೂದಿಯಲ್ಲಿ ಕಲಸಿ ಮಡಕೆಯಲ್ಲಿಟ್ಟುಕೊಂಡಿರುವ ಮನೆ ನಿಮ್ಮ ಊರಿನಲ್ಲಿ ಒಂದಾದರೂ ಇದ್ದೀತು. ಮೊದಲು ಅಲ್ಲಿ ಕೇಳಿ, ಒಂದು ಸೇರು ಸಾಲ ತನ್ನಿ, ಸುಗ್ಗಿಯಲ್ಲಿ ಒಂದೂಕಾಲು ಸೇರು ಹಿಂದಕ್ಕೆ ಅಳೆಯಿರಿ.